ಅಡುಗೆಮನೆಯ ಗೋಡೆಯ ಮೇಲಿನ ಗೆರೆಗಳು

ಗೋಡೆಯ ಮಸಿ ಕೆರೆಯುತ್ತಿದ್ದ ಸಿದ್ದು ಕೈ ನಿಲ್ಲಿಸಿ, "ಇಲ್ಲೇ ಅದಾವ ನೋಡ್ರಿ ವೈನಿ, ಮೂರೂ ಅದಾವ" ಎಂದ. ಒಳಗೆ ಹೋಗಿ ನೋಡಿದೆ. ದಪ್ಪ ಮಸಿಯ ಕೆಳಗೆ ಉಳಿಯಿಂದ ಕೊರೆದ ಮೂರು ಅಡ್ಡ ಗೆರೆಗಳು. ಒಂದು ನನ್ನ ಮೊಣಕಾಲಿಗೆ ಬರುತ್ತಿತ್ತು, ಇನ್ನೊಂದು ಸೊಂಟಕ್ಕೆ. ಮೂರನೆಯದನ್ನು ನೋಡಲು ತಲೆ ಎತ್ತಬೇಕಾಯಿತು.

"ಏನಪ್ಪಾ ಇವು?"

"ಹೊಳಿ ಬಂದಿದ್ದ ಗುರ್ತ್ರಿ. ನೀರ ಇಳದ ಮ್ಯಾಲ, ಎಲ್ಲೀಮಟಾ ಬಂದಿತ್ತೋ ಅಲ್ಲಿ ಮನಿಯವರ ಒಂದ ಗೆರಿ ಕೊರೀತಾರ್ರಿ. ಈ ಓಣ್ಯಾಗ ಎಲ್ಲಾರ ಮನ್ಯಾಗೂ ಅದಾವ."

ಬಸ್ಸಿನ ಹೊತ್ತು ಹೇಳುವವನ ಹಾಗೆ ಹೇಳಿ ಮತ್ತೆ ಕೆರೆಯತೊಡಗಿದ. ಇದ್ದಬದ್ದ ಉಳಿತಾಯವೆಲ್ಲ ಸುರಿದು ಈ ಮನೆ ಕೊಂಡು ಆಗ ಇಪ್ಪತ್ತು ದಿನವೂ ಆಗಿರಲಿಲ್ಲ.

ನಾವು ಕೋಲಾರದ ಕಡೆಯವರು. ನಮ್ಮ ಯಜಮಾನರಿಗೆ ಇಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ಕಾಗವಾಡ ತಾಲೂಕಿನ ಜುಗೂಳಕ್ಕೆ ಬಂದೆವು. ಮನೆ ನೋಡಲು ಬಂದಾಗ ಬಿರುಬೇಸಿಗೆ. ಕೃಷ್ಣೆ ಎಲ್ಲೋ ತಗ್ಗಿನಲ್ಲಿ ತೆಳ್ಳಗೆ ಹರಿಯುತ್ತಿದ್ದಳು. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬರುವ ಸೀಮೆಯವರು ನಾವು, ಮನೆ ಮಾರುವವನನ್ನು ಒಂದೇ ಒಂದು ಪ್ರಶ್ನೆ ಕೇಳಿದೆವು: "ನೀರಿದೆಯಾ?" ಆತ ನಕ್ಕು, "ನೀರಿಗೇನ ಬರಾ ಬಿಡ್ರಿ" ಅಂದ. ಸುಳ್ಳಂತೂ ಹೇಳಲಿಲ್ಲ, ಪುಣ್ಯಾತ್ಮ.

ಮನೆ ಪರವಾಗಿಲ್ಲ, ಅಡುಗೆಮನೆ ಮಾತ್ರ ದೇವರಿಗೇ ಪ್ರೀತಿ. ಇಬ್ಬರು ನಿಂತರೆ ಮೂರನೆಯವರು ಹೊರಗೆ. ಕುಕ್ಕರಗಾಲಲ್ಲಿ ಕೂತು ಊದುವ ಮಣ್ಣಿನ ಒಲೆ, ಒಂದು ಗೂಡು, ಕಿಟಕಿಯೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಮ್ಮ ಹಾಸಿಗೆ ಅಷ್ಟರಲ್ಲಿ ಟವೆಲ್ಲಿನಷ್ಟಾಗಿತ್ತು. ಆದ್ದರಿಂದ ಅಥಣಿಯಲ್ಲಿ ಹಳೇ ಮನೆ ಕೆಡವುತ್ತಿದ್ದ ಕಡೆಯಿಂದ ಸಿಂಕು ತಂದೆವು; ಕಿಟಕಿಯೂ ಅಲ್ಲಿಯದೇ. ಚಿಕ್ಕೋಡಿಯಲ್ಲಿ ಮೂಲೆ ಒಡೆದ ಕಡಪಾ ಕಲ್ಲು ಅಗ್ಗಕ್ಕೆ ಸಿಕ್ಕಿತು. ಒಡೆದ ಮೂಲೆಯನ್ನು ಗೋಡೆಯ ಕಡೆಗೆ ತಿರುಗಿಸಿದರೆ ಯಾರಿಗೆ ಕಾಣುತ್ತದೆ? ಗೌಂಡಿ, ಅಂದರೆ ನಮ್ಮ ಕಡೆಯ ಗಾರೆಯವನು, ಸಿದ್ದುವೇ. ಇಲ್ಲಿ ಅತ್ತಿಗೆಗೆ ವೈನಿ ಅನ್ನುತ್ತಾರೆ. ಮೊದಲ ದಿನವೇ ಅವನು ನನ್ನನ್ನು ವೈನಿ ಮಾಡಿಕೊಂಡುಬಿಟ್ಟ.

ಒಲೆ ಕಿತ್ತ ಜಾಗದಲ್ಲಿ ನನಗೊಂದು ಸಂಪು ಬೇಕಿತ್ತು. ನಮ್ಮ ಕಡೆ ಸಂಪಿಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ. ನೀರು ಕೂಡಿಟ್ಟುಕೊಳ್ಳದಿದ್ದರೆ ನನಗೆ ನಿದ್ದೆಯೇ ಹತ್ತುವುದಿಲ್ಲ. ಗೆರೆಗಳನ್ನು ಕಂಡ ಮೇಲೂ ನನ್ನ ಬುದ್ಧಿ ಅಲ್ಲೇ ಸುತ್ತುತ್ತಿತ್ತು.

"ಬ್ಯಾಡ್ರಿ ವೈನಿ. ಹೊಳಿ ದಂಡಿ ಮ್ಯಾಲ ಯಾರೂ ಮನಿ ಒಳಗ ಟಾಕಿ ತೋಡಂಗಿಲ್ಲ. ಅದರಾಗ ಇದು ಇಬ್ಬರ ನಡುವಿನ ಗೋಡಿ, ಮಣ್ಣಿಂದು" ಎಂದ ಸಿದ್ದು.

"ನಿನಗೆ ಕೂಲಿ ಕೊಡೋರು ನಾವಲ್ವೇನಪ್ಪಾ? ತೋಡು" ಎಂದೆ. ಈ ಮಾತನ್ನು ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಆ ನಡುಗೋಡೆಯ ಆಚೆ ಬದಿ ಸುಮತಿ ಕಾಕೂ ಅವರ ಅಡುಗೆಮನೆ. ಕಾಕೂ ಅಂದರೆ ಚಿಕ್ಕಮ್ಮ. ಜೈನರು, ಅರವತ್ತು ದಾಟಿದವರು. ಮಗ ಸೊಸೆಯ ಜೊತೆ ಹೊಲಮನೆ ನೋಡಿಕೊಂಡಿದ್ದಾರೆ. ಬಂದ ಹೊಸದರಲ್ಲಿ ಭಾಷೆಗೆ ಹೆದರಿ ನಾನು ಹೊರಗೇ ಕಾಲಿಡುತ್ತಿರಲಿಲ್ಲ. ಅರ್ಧ ಮರಾಠಿ, ಅರ್ಧ ನನಗೆ ತಿಳಿಯದ ಕನ್ನಡ. ಹತ್ತನೇ ದಿನ ನಲ್ಲಿಯ ಹತ್ತಿರ ಸಿಕ್ಕಿದ ಕಾಕೂ, "ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಬಂದಿ ನೋಡು!" ಎಂದು ನಕ್ಕು ಕೈ ಹಿಡಿದರು. ಅಂದಿನಿಂದ ನನಗೆ ಊರು ಅಂದರೆ ಕಾಕೂ. ನನ್ನ ರಾಗಿಮುದ್ದೆ ನೋಡಿ, "ಇದನ್ನ ಅಗಿಯೂದಿಲ್ಲೇನ? ಹಂಗ ನುಂಗಿದ್ರ ಗಂಟಲದಾಗ ಕುಂಡ್ರತೈತೆವ್ವಾ!" ಎಂದು ಗಾಬರಿಯಾದರು. ನನ್ನ ಜೋಳದ ರೊಟ್ಟಿ ಮೊದಮೊದಲು ಹರಿದು ಭೂಪಟವಾಗುತ್ತಿತ್ತು. ಗೋಡೆಯಾಚೆಯಿಂದ ಅವರು ರೊಟ್ಟಿ ಬಡಿಯುವ ಪಟಪಟ ಸದ್ದಿಗೆ ಕೈ ಕೂಡಿಸಿ ಕೂಡಿಸಿಯೇ ಕಲಿತೆ. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯಬೇಕು. ಹಾಗಾಗಿ ಸಂಜೆಯ ಆ ಸದ್ದೇ ನನ್ನ ಗಡಿಯಾರ.

ಗುಂಡಿ ತೋಡುವಾಗ ಕಾಕೂ ಬಂದು, "ಮಳಿಗಾಲ ಬಂತವ್ವಾ, ಈಗ ನೆಲಾ ಅಗೀಬಾರದು" ಎಂದಿದ್ದರು. ಹುಳಹುಪ್ಪಟೆ ಸಾಯುತ್ತವೆಂದು ಅವರ ಧರ್ಮದ ಮಾತಿರಬೇಕು ಎಂದುಕೊಂಡು ತಲೆಯಾಡಿಸಿದೆ. ಅದು ಮನೆಯ ಮಾತೂ ಆಗಿರಬಹುದು ಎಂದು ಹೊಳೆಯಲೇ ಇಲ್ಲ.

ಸಂಪು ಆಯಿತು, ಮೇಲೆ ಕಬ್ಬಿಣದ ಮುಚ್ಚಳ. ಕಟ್ಟೆಯ ಮೇಲೆ ಕರಿ ಕಲ್ಲು ಮಿನುಗಿತು, ಕಿಟಕಿಯಿಂದ ಬೆಳಕು ಬಂತು. ಗೆರೆಗಳಿದ್ದ ಪಟ್ಟಿಯನ್ನು ಮಾತ್ರ ಸಿದ್ದು ಸುಣ್ಣ ಬಳಿಯದೆ ಬಿಟ್ಟ. ಮೊದಲ ಸಲ ನಿಂತು ಅಡುಗೆ ಮಾಡಿದ ದಿನ ಅಮ್ಮನಿಗೆ ವಿಡಿಯೋದಲ್ಲಿ ತೋರಿಸಿ ಕುಣಿದಾಡಿದೆ.

ಆಮೇಲೆ ಮಳೆ ಹಿಡಿಯಿತು. ಮಳೆಯಿರಲಿ, ಮೇಲೆ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟಿದ್ದಾರೆಂಬ ಸುದ್ದಿಯೇ ಇಲ್ಲಿಯವರ ಮುಖ ಬದಲಿಸುತ್ತದೆ. ನಮ್ಮ ಕಡೆ ಜನ ಮೋಡ ನೋಡುತ್ತಾರೆ, ಇಲ್ಲಿ ಮೊಬೈಲು ನೋಡುತ್ತಾರೆ. ಒಂದು ಬೆಳಿಗ್ಗೆ ಸಂಪಿನ ಮುಚ್ಚಳ ತೆಗೆದೆ. ಅದಕ್ಕೆ ನಾನಿನ್ನೂ ಒಂದು ಕೊಡ ನೀರೂ ಹಾಕಿರಲಿಲ್ಲ. ಒಳಗೆ ಅರ್ಧದವರೆಗೆ ಕೆಂಪು ನೀರು!

ಹೊಳೆ ಇನ್ನೂ ಊರಾಚೆ ಇತ್ತು, ನನ್ನ ಅಡುಗೆಮನೆಗೆ ಮಾತ್ರ ನೆಲದೊಳಗಿನಿಂದ ಬಂದಿತ್ತು. ಯಜಮಾನರು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಸುರಿದರು. ಸಂಜೆಗೆ ಮತ್ತೆ ಅಷ್ಟೇ. ಮರುದಿನ ನಡುಗೋಡೆಯ ಬುಡ ಒದ್ದೆಯಾಗಿ, ಕಿರುಬೆರಳು ಹೋಗುವಷ್ಟು ಬಿರುಕು ಬಿಟ್ಟಿತು. ಗೋಡೆಯಾಚೆ ಕಾಕೂ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದರು. ಒಂದೊಂದು ಪೆಟ್ಟಿಗೂ ಗೋಡೆ ಅವರ ಬೆನ್ನ ಮೇಲೆ ಬಿತ್ತೇನೋ ಅನ್ನಿಸುತ್ತಿತ್ತು.

ಆದರೂ ನಾನು ಹೇಳಲಿಲ್ಲ. ಹೇಳಿದರೆ ಓಣಿಯೇ ತಿರುಗಿಬೀಳುತ್ತದೆ, ಇರುವ ಒಬ್ಬ ಕಾಕೂನೂ ಹೋಗುತ್ತಾರೆ, ಆಮೇಲೆ ಈ ಊರಲ್ಲಿ ನಮಗೆ ಯಾರಿದ್ದಾರೆ ಎಂಬ ಹೆದರಿಕೆ. ಸಂಜೆ ಕಾಕೂ ತಾವಾಗಿಯೇ ಬಾಗಿಲಿಗೆ ಬಂದು, "ನಮ್ಮ ಕಡೆ ಗೋಡಿ ಯಾಕೋ ಹಸಿ ಆಗೇತಿ ಮಂಜುಳಾ. ನಿಮ್ಮ ಕಡೆ ಹೆಂಗೈತಿ?" ಎಂದು ಕೇಳಿದರು.

"ಮಳೆಗಿರಬೇಕು ಕಾಕೂ" ಅಂದೆ. ಛೀ, ಎಂಥ ಹೆಂಗಸು ನಾನು!

ಮಾರನೆಯ ಬೆಳಿಗ್ಗೆ ಬಿರುಕಿಗೆ ಹೆಬ್ಬೆರಳೇ ಹೋಯಿತು. ಇನ್ನು ತಡೆಯಲಾಗದೆ ಓಡಿಹೋಗಿ ಒಲೆಯ ಮುಂದಿದ್ದ ಕಾಕೂ ಅವರ ರಟ್ಟೆ ಹಿಡಿದು, "ಏಳಿ ಕಾಕೂ, ಇಲ್ಲಿ ಕೂರಬೇಡಿ. ನಂದೇ ತಪ್ಪು" ಎಂದು ಅಳುತ್ತಾ ಎಲ್ಲ ಹೇಳಿಬಿಟ್ಟೆ. ಅವರು ಒಲೆ ಆರಿಸಿ, ನಮ್ಮ ಮನೆಗೆ ಬಂದು ಮುಚ್ಚಳ ತೆಗೆದು ನೋಡಿದರು.

"ಎಂದ ಗೊತ್ತಾತು?"

"ಎರಡು ದಿನವಾಯ್ತು."

"ಎರಡ ದಿನಾ!" ಕಾಕೂ ದನಿ ಏರಿತು. "ನೀರಂದ್ರ ನಮಗ ಹೊಸದಲ್ಲ. ಹೊಳಿ ಬರೂ ಮುಂದ ಹೇಳಿ ಬರತೈತಿ. ನೀ ಗೋಡಿ ಹಚ್ಚಿ ಇದ್ದಾಕಿ, ಹೇಳಲಿಲ್ಲ. ನಿನ್ನಿ ನಮ್ಮ ಸ್ವಸಿ ಕೂಸಿನ್ನ ಆ ಗೋಡಿ ಬುಡಕ್ಕ ಮಲಗಿಸಿದ್ಲು!"



ಅಷ್ಟರಲ್ಲಿ ಕಾಕೂ ಅವರ ಮಗ ಹೋಗಿ ಸಿದ್ದುವನ್ನು ಕರೆತಂದ. ಬಕೆಟ್ ಹಿಡಿದ ನಮ್ಮ ಯಜಮಾನರನ್ನು ನೋಡಿ ಸಿದ್ದು ಕೂಗಿದ: "ನೀರ ಯಾಕ ಎತ್ತಾಕತ್ತೀರಿ? ಬಿಡ್ರಿ ಮೊದಲ! ನೀರ ಎತ್ತಿದಷ್ಟೂ ಗೋಡಿ ಬುಡದ ಮಣ್ಣ ಒಳಗ ಜಗ್ಗತೈತಿ." ಬರದ ನಾಡಿನ ನಾವು ಮಾಡಿದ ಎರಡನೆಯ ತಪ್ಪು ಅದು. ಗುಂಡಿಯನ್ನು ತುಂಬಬೇಕಿತ್ತು, ಬರಿದು ಮಾಡಬಾರದಿತ್ತು. ಹಿತ್ತಿಲಲ್ಲಿ ಹಳೇ ಅಡುಗೆಮನೆಯ ಕಲ್ಲು, ಹೆಂಚಿನ ಚೂರು, ನಾನು ದರಿದ್ರವೆಂದು ಕಿತ್ತೆಸೆದಿದ್ದ ಒಲೆಯ ಅಡಿಗಲ್ಲು ಎಲ್ಲ ಗುಡ್ಡೆಯಾಗಿ ಬಿದ್ದಿದ್ದವು. ಅಗ್ಗದ ಅಡುಗೆಮನೆ ನೋಡಿ, ಸಾಗಿಸಲು ದುಡ್ಡಿರಲಿಲ್ಲ. ಅವನ್ನೇ ಬುಟ್ಟಿಯಲ್ಲಿ ಹೊತ್ತು ತಂದು ಸಂಪಿಗೆ ತುಂಬಿದೆವು. ಓಣಿಯ ನಾಲ್ಕು ಹೆಂಗಸರು ಹೇಳದೆಯೇ ಬಂದು ಸಾಲಾಗಿ ನಿಂತು ಬುಟ್ಟಿ ದಾಟಿಸಿದರು. ಕಾಕೂ ಕೂಡ ನಿಂತರು. ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡರು, ಮುಖ ಮಾತ್ರ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಹೊಳೆ ಓಣಿಗೆ ಬಂತು. ಕಾಕೂ ಅವರ ಟ್ರ್ಯಾಕ್ಟರಿನಲ್ಲಿ ಎಲ್ಲರೂ ಹತ್ತುತ್ತಿದ್ದಾಗ ನಾವು ದೂರ ನಿಂತಿದ್ದೆವು. "ಅಲ್ಲೇನ ನಿಂತಿ, ಮೀನ ಹಿಡೀತಿಯೇನ? ಹತ್ತು!" ಎಂದು ಕಾಕೂ ಗದರಿದರು. ಕರೋಶಿಯಲ್ಲಿ ಅವರ ತವರುಮನೆ. ಅಲ್ಲಿ ಆರು ದಿನ ಇದ್ದೆವು. ಉಣ್ಣಲು ಕರೆಯುತ್ತಿದ್ದರು, ಹೊದೆಯಲು ಕೊಡುತ್ತಿದ್ದರು. ಅದರಾಚೆ ನನ್ನೊಡನೆ ಒಂದು ಮಾತಿಲ್ಲ. ಗೋಡೆ ಬಿತ್ತೋ ನಿಂತಿತೋ ಎಂದು ನಾನು ಆರು ದಿನವೂ ನೆಟ್ಟಗೆ ಉಸಿರಾಡಲಿಲ್ಲ.

ಊರಿಗೆ ಮರಳಿ ನೋಡಿದರೆ ಗೋಡೆ ನಿಂತಿತ್ತು. ಗಾರೆ ಉದುರಿ, ಒಂದು ಕಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಕೆಸರೆಲ್ಲ ತೊಳೆದ ಮೇಲೆ ಸಿದ್ದು ಕಲ್ಲಿನ ಆನಿಕೆ ಕೊಟ್ಟು ಅದನ್ನು ಭದ್ರ ಮಾಡಿದ. ಹೋಗುವಾಗ ನನ್ನ ಕೈಗೆ ಉಳಿ ಕೊಟ್ಟ.

"ಈ ಸಲದ್ದು ಕೊರೀರಿ ವೈನಿ."

"ನೀನೇ ಕೊರಿಯಪ್ಪಾ, ನಂಗೆ ಬರಲ್ಲ."

"ನಾ ಕೊರಿಯೂ ಹಂಗಿಲ್ರಿ. ಮನಿಯವರ ಕೊರೀಬೇಕು."

ಮೊಣಕಾಲಿಗಿಂತ ಒಂದು ಗೇಣು ಕೆಳಗೆ, ಸೊಟ್ಟಗೆ, ನಾಲ್ಕನೆಯ ಗೆರೆ ಕೊರೆದೆ. ಅಂದು ಸಂಜೆ ಹೊತ್ತು ಮುಳುಗಲು ಬಂತು, ಪಟಪಟ ಸದ್ದು ಬರಲಿಲ್ಲ. ಕಾಕೂ ಒಲೆಯನ್ನು ಮನೆಯ ಆ ತುದಿಗೆ ಸರಿಸಿದ್ದರು.

ದಸರೆಗೆ ತವರಿಗೆ ಹೋದೆ. ಹೋದವಳೇ ಅಮ್ಮನ ಅಡುಗೆಮನೆಯಲ್ಲಿ ನೆಲದ ಮೇಲಿದ್ದ ರಾಗಿಹಿಟ್ಟಿನ ಡಬ್ಬವನ್ನು ಎತ್ತಿ ಅಟ್ಟದ ಮೇಲಿಟ್ಟೆ.

"ಅಲ್ಯಾಕಿಟ್ಟೆ? ನಂಗೆ ಎಟಕಲ್ಲ ಕಣೇ" ಎಂದರು ಅಮ್ಮ.

"ನೀರು ಬಂದ್ರೆ?"

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಲ್ಲಿಯಲ್ಲಿ ನೀರು ಬಂದು ನಾಲ್ಕು ದಿನವಾಗಿತ್ತಂತೆ. ನಾನು ಗೋಡೆ ನೋಡಿದೆ, ಕೈಯಾಡಿಸಿಯೂ ನೋಡಿದೆ. ಹುಟ್ಟಿ ಬೆಳೆದ ಮನೆಯ ಆ ಗೋಡೆಯ ಮೇಲೆ ಒಂದೂ ಗೆರೆಯಿಲ್ಲ. ಇಲ್ಲಿ ನೀರು ಎಲ್ಲಿಯವರೆಗೆ ಬರುತ್ತದೋ ಯಾರಿಗೂ ಗೊತ್ತಿಲ್ಲವಲ್ಲ ಎನ್ನಿಸಿತು. ಹುಚ್ಚು ಹೆದರಿಕೆ, ನನಗೂ ಗೊತ್ತು. ಹಿತ್ತಿಲಿಗೆ ಹೋಗಿ ಕಾಕೂಗೆ ಫೋನು ಮಾಡಿದೆ. ಆ ಜಗಳದ ನಂತರ ನಾನಾಗಿ ಮಾಡಿದ ಮೊದಲ ಫೋನು.

"ಗೋಡಿ ಹೆಂಗೈತ್ರಿ ಕಾಕೂ?"

"ನಿಂತೈತೆವ್ವಾ. ನೀ ಎಂದ ಬರ್ತಿ?"

"ನಾಡಿದ್ದು ಬರ್ತೀನಿ." ಫೋನಿಡುವ ಮೊದಲು ಕೇಳಿಬಿಟ್ಟೆ: "ಒಲಿ ಮತ್ತ ಗೋಡಿ ಕಡೆ ಇಡತೀರೇನ್ರಿ?"

ಕಾಕೂ, "ಒಂದ ಮಳಿಗಾಲ ಹೋಗಲಿ, ನೋಡೂಣು" ಎಂದರು.

ಒಳಗಿನಿಂದ ಅಮ್ಮ ಡಬ್ಬ ಇಳಿಸಿಕೊಡು ಬಾ ಎಂದು ಕೂಗುತ್ತಿದ್ದರು. ಇಳಿಸಿಕೊಟ್ಟೆ. ಅಮ್ಮ ಅದನ್ನು ಮತ್ತೆ ನೆಲದ ಮೇಲಿಟ್ಟರು.