ಮೂರನೇ ಮಹಡಿಗೆ ಏರಿದ ನೀಲಿಕೊಡೆ

ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮೇಜು ಹಾಕಿಕೊಂಡು ಇಡೀ ಕಟ್ಟಡದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದವಳು. ಅಣ್ಣ ಮಾಲಿ. ಅವನೂ ಹೋದ ಮೇಲೆ ಮೂರನೇ ಮಹಡಿಯ ಒಂದೂವರೆ ಕೋಣೆಯಲ್ಲಿ ಅತ್ತಿಗೆ, ನಾದಿನಿ ಇಬ್ಬರೇ ಉಳಿದರು. ಇಬ್ಬರ ಬಾಯಲ್ಲೂ ಮೆಣಸಿನಕಾಯಿ. ಆದರೆ ಒಬ್ಬಳು ಬರದೆ ಇನ್ನೊಬ್ಬಳು ತಟ್ಟೆಗೆ ಕೈ ಹಾಕುತ್ತಿರಲಿಲ್ಲ.

ಅಣ್ಣ ಬಿಟ್ಟುಹೋದ ಆಸ್ತಿಯೆಂದರೆ ಹಿತ್ತಲ ಗೋಡೆಯ ಬುಡದಲ್ಲಿದ್ದ ಅಗಪಾಂಥಸ್ ಪೊದೆ. ಆ ಹೆಸರಿಗೆ ನಾಲಿಗೆ ಹೊರಳದೆ ಮನೆಯಲ್ಲಿ ಅದು ನೀಲಿಕೊಡೆಯಾಗಿತ್ತು. ಪಟ್ಟಿಯಂಥ ಎಲೆಗಳ ನಡುವಿನಿಂದ ಸೊಂಟದೆತ್ತರಕ್ಕೆ ದಂಟು ಎದ್ದು, ತುದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಹೂ ಬಿಡುತ್ತಿತ್ತು. ವರ್ಷಕ್ಕೆ ಒಂದೇ ಸಲ.

ಅತ್ತಿಗೆಯ ಹೊಟ್ಟೆಯಲ್ಲಿ ಗಡ್ಡೆ ಕಂಡಾಗ ಡಾಕ್ಟರು ಇಸ್ತ್ರಿಯಮ್ಮನನ್ನು ಪಕ್ಕಕ್ಕೆ ಕರೆದು, "ಎರಡು ತಿಂಗಳು, ಅಷ್ಟೇ" ಎಂದರು. ಹೂವಿಗೆ ಇನ್ನೂ ಒಂದೂವರೆ ತಿಂಗಳಿತ್ತು.

"ಈ ಸಲದ ಹೂ ಒಂದು ನೋಡ್ಬಿಡ್ತೀನಿ ಕಣೇ" ಎಂದಳು, ನಾದಿನಿಯ ಮುಖ ನೋಡಿಯೇ ತಿಳಿದುಕೊಂಡ ಅತ್ತಿಗೆ. "ಆಮೇಲೆ ಮಂಚ ಪೂರ್ತಿ ನಿಂದೇ. ಕಾಲು ಚಾಚ್ಕೊಂಡು ಬಿದ್ಕೋ."

ಮಂಚದ ಪಕ್ಕದ ಕಿಟಕಿ ಬೀದಿಗಿತ್ತು, ಹಿತ್ತಲಿಗಲ್ಲ. ಕುರ್ಚಿಯಲ್ಲಿ ಕೂರಿಸಿ ಇಳಿಸಲು ಹೋದರೆ ನಾಲ್ಕು ಮೆಟ್ಟಿಲಿಗೇ ಅವಳು ನೋವಿನಿಂದ ಕೂಗಿದ ಕೂಗಿಗೆ ಅಕ್ಕಪಕ್ಕದ ಬಾಗಿಲುಗಳು ತೆರೆದವು. ಹಾಗಾದರೆ ಗಿಡವೇ ಮೇಲೆ ಬರಲಿ ಎಂದುಕೊಂಡಳು ಇಸ್ತ್ರಿಯಮ್ಮ. ಕುಂಡ ಕಂಡಾಗಲೇ ಅತ್ತಿಗೆಗೆ ಗೊತ್ತಾಗಲಿ ಎಂಬ ಆಸೆಗೆ ಬಾಯಿ ಬಿಡಲಿಲ್ಲ.

ಹತ್ತು ವರ್ಷದ ಪೊದೆ. ಬೇರು ಹಗ್ಗದಂತೆ ಹೆಣೆದುಕೊಂಡು ಗುದ್ದಲಿಗೂ ಜಗ್ಗಲಿಲ್ಲ. ಅಣ್ಣ ಗರಗಸ ಹಾಕಿ ಅದನ್ನು ಸೀಳುತ್ತಿದ್ದುದನ್ನು ಅವಳು ನೋಡಿದ್ದಳು. ಎಷ್ಟು ಬೇರು ಉಳಿಸಬೇಕು, ಕುಂಡದ ತೂತಿಗೆ ಹೆಂಚಿನ ಚೂರು ಹೇಗೆ ಇಡಬೇಕು, ಎಲ್ಲ ಕಣ್ಣಲ್ಲಿತ್ತು. ಅಣ್ಣ ಹೂ ಮುಗಿದ ಮೇಲೆ ಮಾತ್ರ ಸೀಳುತ್ತಿದ್ದ ಎಂಬುದೊಂದು ತಲೆಯಲ್ಲಿ ಇರಲಿಲ್ಲ.

ಸೀಳಿ ನಾಲ್ಕು ಕುಂಡ ಮಾಡಿದಳು. ಒಂದೊಂದನ್ನೇ ಸೊಂಟಕ್ಕೊತ್ತಿ ಮೇಲೆ ತಂದು ಕಿಟಕಿಯ ಕೆಳಗೆ ಸಾಲಾಗಿ ಇಟ್ಟಳು. ಅತ್ತಿಗೆ ಮೊದಲು ನಕ್ಕಳು. ಆಮೇಲೆ ಎಲೆಯ ಬುಡಕ್ಕೆ ಕಣ್ಣು ನೆಟ್ಟಳು.

"ಯಾವಾಗ ಸೀಳಿದೆ?"

"ಈಗ್ಲೇ. ನಿಮಗೋಸ್ಕರ."

"ಸೀಳ್ದಾಗ ಒಳಗೆ ಗಿಣಿ ಕೊಕ್ಕಿನ ಹಾಗೆ ಏನಾದ್ರೂ ಸಿಕ್ತಾ?"

ಸಿಕ್ಕಿತ್ತು. ಎಳೆ ಎಲೆಯೆಂದುಕೊಂಡು ಗೋಡೆಯಾಚೆ ಎಸೆದಿದ್ದಳು. "ಮೂರು" ಎಂದಳು.

"ಅವೇ ಮೊಗ್ಗು ಕಣೇ! ನಿಮ್ಮಣ್ಣ ಇದ್ದಿದ್ರೆ ಆ ಗರಗಸ ನಿನ್ನ ಜಡೆಗೇ ಇಡ್ತಿದ್ರು." ನಗಲು ಹೋಗಿ ಅತ್ತಿಗೆ ಹೊಟ್ಟೆ ಹಿಡಿದುಕೊಂಡಳು. "ಹೋಗ್ಲಿ ಬಿಡು. ನಾಲ್ಕನೇದ್ರಲ್ಲಿ ಒಂದು ಉಳಿದಿದೆ, ನೋಡು."

ಅಂದಿನಿಂದ ಇಬ್ಬರ ಉಸಿರೂ ಆ ನಾಲ್ಕನೆಯ ಕುಂಡದಲ್ಲಿತ್ತು. ಮೊಗ್ಗು ಎಲೆಗಿಂತ ಒಂದು ಗೇಣು ಮೇಲೆ ಬಂತು. ಇಸ್ತ್ರಿಯಮ್ಮ ದಿನಾ ಬೆಳಿಗ್ಗೆ ದಾರ ಹಿಡಿದು ಅಳೆದು ಗಂಟು ಹಾಕುತ್ತಿದ್ದಳು. ಇಪ್ಪತ್ತನೆಯ ದಿನ ಅಳತೆ ಹಿಂದಿನ ಗಂಟನ್ನು ದಾಟಲಿಲ್ಲ. ಮಾರನೆಯ ದಿನ ದಂಟಿನ ಕತ್ತು ಹಳದಿಯಾಗಿ ಬಾಗಿತು. ಕೊಯ್ದ ಬೇರಿಗೆ ಅದನ್ನು ಸಾಕುವ ಶಕ್ತಿ ಇರಲಿಲ್ಲ.

"ಕಿತ್ತು ಕೊಡು" ಎಂದಳು ಅತ್ತಿಗೆ. ಸಿಪ್ಪೆಯನ್ನು ಉಗುರಿನಿಂದ ಸೀಳಿದಳು. ಒಳಗೆ ಅಕ್ಕಿಕಾಳಿನಷ್ಟು ಮೊಗ್ಗುಗಳು ಒತ್ತಾಗಿದ್ದವು. "ನೀಲಿ ಇನ್ನೂ ಇಳಿದೇ ಇಲ್ಲ" ಎಂದು ಒಂದೊಂದಾಗಿ ಎಣಿಸತೊಡಗಿದಳು. ಮೂವತ್ತೊಂದಕ್ಕೆ ಕೈ ಸೋತಿತು. "ಮಿಕ್ಕಿದ್ದು ನೀನು ಎಣ್ಸು."

ಇಸ್ತ್ರಿಯಮ್ಮ ಎಣಿಸಿದಳು. "ಎಲ್ಲಾ ಸೇರಿ ಐವತ್ತನಾಲ್ಕು, ಅತ್ತಿಗೆ."

"ಕುಂಡ ಎಲ್ಲಾ ಹೊರಗಿಡು" ಎಂದು ಅತ್ತಿಗೆ ಗೋಡೆ ಕಡೆ ತಿರುಗಿದಳು.

ಮತ್ತೆ ಹೂವಿನ ಸುದ್ದಿ ಎತ್ತಲಿಲ್ಲ. ಹತ್ತೊಂಬತ್ತು ದಿನ ಇದ್ದಳು. ಹೊತ್ತೊಯ್ಯಲು ಬಂದವರಿಗೆ ಬಾಗಿಲಾಚೆಯ ಇಕ್ಕಟ್ಟಿನಲ್ಲಿ ನಾಲ್ಕು ಕುಂಡಗಳು ಅಡ್ಡವಾದವು. "ಮೊದ್ಲು ಇವನ್ನ ತೆಗೀರಮ್ಮ" ಎಂದರು. ಅವರು ಹೆಗಲ ಮೇಲಿನ ಭಾರದೊಂದಿಗೆ ನಿಂತೇ ಇದ್ದರು; ಇಸ್ತ್ರಿಯಮ್ಮ ಒಂದೊಂದೇ ಕುಂಡವನ್ನು ಸೊಂಟಕ್ಕೊತ್ತಿಕೊಂಡು ಕೆಳಗಿಳಿಸಿದಳು, ನಾಲ್ಕು ಸಲ.