ಹೊಂಗೆ ಮರದ ಕೆಳಗೆ ಐದು ದಿನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವರು ಪೀಣ್ಯದಲ್ಲಿ ಬಾಡಿಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಆ ಗಾದೆಗೆ ಇನ್ನೊಂದು ತುಂಡು ಸೇರಿಸಿಯೇ ಸಾಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಐದು ವರ್ಷಕ್ಕೆ ನಾಲ್ಕು ಮನೆ ಬದಲಿಸಿದವಳು ನಾನು. ನನ್ನ ಮಾತಿನಲ್ಲಿ ಖಾರ ಕಂಡರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ನಾವು ಹಾವೇರಿ ಕಡೆಯವರು. ನಮ್ಮವರು ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು, ನಾನು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಹನ್ನೊಂದು ತಿಂಗಳ ಕರಾರು ಮುಗಿಯುವ ಹೊತ್ತಿಗೆ ಯಾವ ಓನರ್ ಆದರೂ ಸರಿ, ಬಾಗಿಲಿಗೆ ಬಂದು ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಬಾಡಿಗೆ ಜಾಸ್ತಿ ಕೊಡ್ತೀರೋ, ಖಾಲಿ ಮಾಡ್ತೀರೋ? ಕೊಡಲಾಗದೆ ಖಾಲಿ ಮಾಡುತ್ತಿದ್ದೆವು. ಆಮೇಲೆ ಭಾನುವಾರ ಬಂತೆಂದರೆ ಸೈಕಲ್ಲಿನ ಮುಂದೆ ಮಗಳು, ಹಿಂದೆ ನಾನು, ಕಣ್ಣೆಲ್ಲ ಗೇಟುಗಳಿಗೆ ಕಟ್ಟಿದ ಟು-ಲೆಟ್ ಹಲಗೆಗಳ ಮೇಲೆ. ಬಿಸಿಲಲ್ಲಿ ಅಷ್ಟು ದೂರ ತುಳಿದು ಹೋದರೆ 'ಈಗ ತಾನೇ ಹೋಯ್ತಮ್ಮ' ಅನ್ನುವ ಮಾತು ಕೇಳಿಸಿಕೊಂಡು ಬರುವುದು.

ಓನರುಗಳು ಕೇಳುವುದು ಮೂರೇ ಪ್ರಶ್ನೆ. ಯಾವ ಜನ? ಮಾಂಸ ತಿಂತೀರಾ? ಎಷ್ಟು ಮಂದಿ? ಮೊದಲೆರಡಕ್ಕೆ ನಮ್ಮವರ ಹಣೆಯ ವಿಭೂತಿಯೇ ಉತ್ತರ ಹೇಳಿಬಿಡುತ್ತಿತ್ತು. ಅಷ್ಟೂ ಅನುಕೂಲ ಇಲ್ಲದವರು ಗೇಟಿನಿಂದಲೇ ವಾಪಸು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ, ನೋಡಿ ಸುಮ್ಮನಿದ್ದೇನೆ. ಮೂರನೆಯ ಪ್ರಶ್ನೆಗೆ ಮಾತ್ರ ನಾವು ಸುಳ್ಳು ಹೇಳಬೇಕಿತ್ತು. ಒಂದು ತಲೆ ಹೆಚ್ಚಾದರೆ ಓನರ್‌ಗೆ ಎರಡು ಬಿಂದಿಗೆ ನೀರು ಹೆಚ್ಚು ಹೋಯಿತೆಂದೇ ಅರ್ಥ. "ಮೂರು ಮಂದಿ ಸಾರ್," ಅನ್ನುತ್ತಿದ್ದರು ನಮ್ಮವರು. ನಾವಿದ್ದದ್ದು ನಾಲ್ಕು ಮಂದಿ.

ನಾಲ್ಕನೆಯವರು ನನ್ನ ಅತ್ತೆ. ಅವರಿಗೆ ಇವರೊಬ್ಬರೇ ಮಗ. ಊರಲ್ಲಿ ಅವರಿದ್ದದ್ದೂ ಇನ್ನೊಬ್ಬರ ಪಡಸಾಲೆಯಲ್ಲೇ. ಮಾವ ತೀರಿಕೊಂಡ ಮೇಲೆ ಒಂದು ಗಂಟು ಹಿಡಿದು ಇಲ್ಲಿಗೆ ಬಂದರು. ಪ್ರತಿ ಹೊಸ ಮನೆಗೂ ಅವರ ಪ್ರವೇಶ ಬೇರೆ ರೀತಿ. ನಾವು ಮೂವರು ಮೊದಲು ಹೋಗಿ ಹಾಲುಕ್ಕಿಸುವುದು. ಅತ್ತೆ ದಾಸರಹಳ್ಳಿಯಲ್ಲಿ ನಮ್ಮ ಊರವರೊಬ್ಬರ ಮನೆಯಲ್ಲಿ ಹದಿನೈದು ದಿನ ಕಾಯುವುದು. ಆಮೇಲೆ ಅದೇ ಗಂಟು ಹಿಡಿದು, ಆಗಷ್ಟೇ ಬಸ್ಸಿಳಿದವರ ಹಾಗೆ ಸುಸ್ತಾಗಿ, ನೆಂಟರಾಗಿ ಬರುವುದು. ಓನರ್ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಗೇಟಿನಲ್ಲೇ ಕೇಳುತ್ತಿದ್ದರು: "ಇದೇ ಏನವ್ವಾ ನಿಮ್ಮ ಹೊಸಾ ಮನಿ? ಛಲೋ ಐತಿ ಬಿಡು. ಮೊಮ್ಮಗಳ ಪರೀಕ್ಷಾ ಮುಗಿಯೂತನಕ ಇದ್ದು ಹೊಕ್ಕೀನಿ." ಮೊಮ್ಮಗಳು ಆಗ ಒಂದನೇ ಕ್ಲಾಸು. ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಯೋಚಿಸಿದರೆ ನಗು ಬರುವುದಿಲ್ಲ. ಮಗನ ಒಂದು ಮನೆಯಲ್ಲೂ ಆ ಜೀವ ಹಾಲುಕ್ಕುವುದನ್ನು ನೋಡಲಿಲ್ಲ.

ನಾಲ್ಕನೆಯ ಮನೆ ಒಂದೇ ಸಾಲಿನ ಆರು ಶೀಟಿನ ಮನೆಗಳಲ್ಲಿ ಕೊನೆಯದು. ಒಂದು ಕೋಣೆ, ಅದರ ಬೆನ್ನಿಗೆ ಇಬ್ಬರು ನಿಂತರೆ ಮೂರನೆಯವರು ಹೊರಗಿರಬೇಕಾದ ಅಡುಗೆಮನೆ. ಹಿತ್ತಲಲ್ಲಿ ಸಂಪು, ಅದರ ಪಕ್ಕ ನಲ್ಲಿ, ನಲ್ಲಿಯ ಮೇಲೆ ಬಾಗಿದ ಒಂದು ಹೊಂಗೆ ಮರ. ಓನರಮ್ಮ ಮುಂದಿನ ಮನೆಯಲ್ಲೇ ಇದ್ದ ವಿಧವೆ ಹೆಂಗಸು. ಬೆಳಿಗ್ಗೆ ಒಂದು ಗಂಟೆ ಮೋಟಾರ್ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಬಿಂದಿಗೆ ಎಣಿಸುತ್ತಿದ್ದರು. ಅತ್ತೆಯ ನಾಟಕ ಆಯಮ್ಮನಿಗೆ ಎರಡೇ ವಾರದಲ್ಲಿ ಗೊತ್ತಾಯಿತು. "ನಿಮ್ಮತ್ತೆ ಓಗೋ ಅಂಗೆ ಕಾಣಾಕಿಲ್ಲ ಬುಡು," ಅಂದರು. ಅಷ್ಟೇ. ಬೇರೆಯವರಾಗಿದ್ದರೆ ಅವತ್ತೇ ಸಾಮಾನು ಬೀದಿಗೆ ಬೀಳುತ್ತಿತ್ತು.

ಆ ವರ್ಷ ಚಳಿ ಶುರುವಾಗುತ್ತಿದ್ದಂತೆ ಅತ್ತೆ ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ಸೇರಿತ್ತು. ದೊಡ್ಡಾಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡು, ಡಾಕ್ಟರು ನಮ್ಮವರನ್ನು ಪಕ್ಕಕ್ಕೆ ಕರೆದರು. "ಮನೆಗೆ ಕರ್ಕೊಂಡ್ ಹೋಗಿ. ಇಷ್ಟ ಆಗಿದ್ದು ಮಾಡಿ ಕೊಡಿ." ಮನೆ ಎನ್ನುವ ಮಾತನ್ನು ಎಷ್ಟು ಸುಲಭವಾಗಿ ಅಂದುಬಿಡುತ್ತಾರೆ ಜನ! ಆಟೋದಲ್ಲಿ ಮಲಗಿಸಿಕೊಂಡು ಬಂದೆವು. ನಾನು ಗಾರ್ಮೆಂಟ್ಸ್‌ಗೆ ರಜೆ ಹೇಳಿದೆ.

ಎರಡನೆಯ ದಿನ ಓನರಮ್ಮ ಪಂಚಾಂಗ ಹಿಡಿದು ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ಕೂತರು.

"ಇಂಗ್ ಯೋಳ್ತಾವ್ಳೆ ಅಂತ ಬ್ಯಾಸ್ರ ಮಾಡ್ಕಾಬ್ಯಾಡ ಕಣವ್ವ. ಬುಧವಾರದಿಂದ ಐದು ದಿನ ನಕ್ಷತ್ರ ಸರಿ ಇಲ್ಲ. ಆ ಐದು ದಿನದಾಗೆ ಸೂರಿನ ಕೆಳಗೆ ಜೀವ ಓದ್ರೆ ಮನೆ ಬೀಗ ಆಕ್ಬೇಕು. ಆರು ತಿಂಗ್ಳು. ಒಂದ್ಸಲ ಮೂರನೇ ಮನೇಲಿ ಇಂಗೇ ಆಗಿ, ಬೀಗ ಆಕಿದ್ಕೆ ಅಕ್ಕಪಕ್ಕದೋರೂ ಎದ್ದೋದ್ರು."

ನನಗೆ ಮೈಯೆಲ್ಲ ಉರಿಯಿತು. "ನಮ್ಮೊಳಗ ಸೂತಕ ಇಲ್ರೀ ಅಕ್ಕಾ. ಶಿವನ ಪಾದ ಸೇರಾಕ ಒಳ್ಳೆ ದಿನ, ಕೆಟ್ಟ ದಿನ ಅಂತ ಇರೂದಿಲ್ಲ," ಅಂದೆ.

"ನಿಮ್ಮಲ್ಲಿ ಇಲ್ದಿದ್ರೆ ಏನವ್ವ, ಮನೆ ನಂದಲ್ವಾ?" ಅಂದರು. ಜೋರು ಮಾಡಿ ಅನ್ನಲಿಲ್ಲ, ಅದೇ ಕಷ್ಟ. "ರಾಗಿ ಬೆಳೀತಿದ್ ಜಾಗ ಇದು. ಈಗ ಮನೆ ಬೆಳೆದಿವ್ನಿ. ಇದನ್ನೇ ತಿನ್ಬೇಕು. ಆಸ್ಪತ್ರೆಗಾದ್ರೂ ಸೇರ್ಸು, ಇಲ್ಲ ಐದು ದಿನ ಎಲ್ಲಾದ್ರೂ ಸೂರಿನಿಂದ ಆಚೆ ಮಡಗು."

ಆಸ್ಪತ್ರೆಯವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಊರಿಗೆ ಕರೆದೊಯ್ಯೋಣ ಎಂದರೆ ಅಲ್ಲಿ ಯಾರ ಪಡಸಾಲೆ? ಎಂಟು ತಾಸಿನ ದಾರಿಯನ್ನು ಅವರ ಉಸಿರು ತಡೆಯುವ ಹಾಗೂ ಇರಲಿಲ್ಲ. ಬೀಗ ಬಿದ್ದರೆ ನಾವು ಮೂವರೂ ಬೀದಿಗೆ. ಕೆಟ್ಟ ನಕ್ಷತ್ರದ ಸಾವು ಕಂಡ ಮನೆಯಿಂದ ಎದ್ದು ಬಂದವರಿಗೆ ಆ ಸುತ್ತಿನಲ್ಲಿ ಯಾರು ಮನೆ ಕೊಡುತ್ತಿದ್ದರು? ಅಂಥ ಸುದ್ದಿ ಅಲ್ಲಿ ನಲ್ಲಿ ನೀರಿಗಿಂತ ಬೇಗ ಹರಿಯುತ್ತಿತ್ತು.

ಈಗ ಒಂದು ಮಾತು ಹೇಳಬೇಕು. ಯಾರಿಗೂ ಹೇಳಿದ್ದಿಲ್ಲ, ನಮ್ಮವರಿಗೂ. ಮಂಗಳವಾರ ಮಧ್ಯಾಹ್ನ ಅತ್ತೆಗೆ ಚಮಚೆಯಿಂದ ಗಂಜಿ ಹಾಕುತ್ತಿದ್ದೆ. ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಇವತ್ತೇ ಹೋಗಿಬಿಡಬಾರದೇ ಅನ್ನಿಸಿತು. ಗಂಜಿ ಹಾಕುವ ಕೈಯಲ್ಲೇ ಹಾಗಂದುಕೊಂಡೆ. ಸೂತಕ ಇಲ್ಲ, ನಕ್ಷತ್ರ ಇಲ್ಲ ಎಂದು ಬಾಯಿ ಮಾಡಿದವಳು ನಾನೇ. ಥೂ, ಎಂಥ ಬಾಳು ಅದು! ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

ಒಂದೇ ಕೋಣೆಯ ಮನೆ. ಹೊಸ್ತಿಲಲ್ಲಿ ಆಡಿದ ಮಾತು ಹಾಸಿಗೆಗೆ ಕೇಳಿಸದೆ ಇರುತ್ತದೆಯೇ? ಬುಧವಾರ ಬೆಳಿಗ್ಗೆ ಎದ್ದವರೇ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು.

"ಒಳಗ ಭಾಳ ಸೆಕಿ ಆಗಾಕತ್ತೈತಿ. ನನ್ನ ಹೊರಸು ಆ ಗಿಡದ ಬುಡಕ ಹಾಕ್ರಿ."

ಶೀಟಿನ ಕೆಳಗೆ ಕೈಕಾಲು ಮರಗಟ್ಟುವ ಚಳಿ. ಹಲ್ಲು ಕಟಕಟ ಅನ್ನುತ್ತಿದ್ದವು ಅವರವು. "ಎಲ್ಲೈತ್ರೀ ಅತ್ತಿ ಸೆಕಿ?" ಅಂದೆ.

"ನನಗ ಆಗತೈತಿ. ನಿನಗೇನು ಗೊತ್ತು?" ಎಂದು ಗದರಿದರು. ಆಮೇಲೆ ಮಗನ ಕಡೆ ತಿರುಗಿ, "ಊರು ಹೋಗ ಅಂತೈತಿ, ಕಾಡು ಬಾ ಅಂತೈತಿ. ನಡುವ ಒಂದು ಗಿಡದ ನೆಳ್ಳು ಸಾಕಪಾ," ಅಂದರು.

ನಮ್ಮವರು ಹಗ್ಗದ ಹೊರಸು ಎತ್ತಿ ಹೊಂಗೆ ಮರದ ಕೆಳಗಿಟ್ಟರು, ಶೆಡ್ಡಿನಿಂದ ಹಳೆಯ ಟಾರ್ಪಾಲು ತಂದು ಕೊಂಬೆಗೆ ಬಿಗಿದರು, ಅವ್ವನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಮಲಗಿಸಿದರು. ಕೆಲಸಕ್ಕೆ ಹೊರಡುವಾಗ ಸೈಕಲ್ಲಿನ ಹತ್ತಿರ ನಿಂತು, "ಹಡೆದವ್ವನ್ನ ಹೊರಗ ಹಾಕಿದ ಮಗ ಆದೆ ನೋಡು," ಅಂದರು. ಊಟದ ಡಬ್ಬಿ ಮರೆತು ಹೊರಟಿದ್ದರು, ಓಡಿಹೋಗಿ ಕೊಟ್ಟೆ.

ಆ ಐದು ದಿನದ ಬಗ್ಗೆ ಬರೀ ದುಃಖವನ್ನೇ ಬರೆದರೆ ಸುಳ್ಳಾಗುತ್ತದೆ. ಎಂಟು ತಿಂಗಳು ಒಳಗೆ ಅಡಗಿದ್ದ ಮುದುಕಿ ನಲ್ಲಿಯ ಪಕ್ಕಕ್ಕೇ ಬಂದು ಮಲಗಿದಂತಾಯಿತು. ಆರು ಮನೆಯ ಹೆಂಗಸರೂ ಬಿಂದಿಗೆ ಇಟ್ಟು ಹೊರಸಿನ ಅಂಚಿಗೆ ಕೂತರು. "ಅಜ್ಜಿ, ಎಂಗಿದ್ದೀರಾ?" ಅಂದರು. ಯಾರ ಸರದಿ ಮೊದಲು ಎಂದು ಜಗಳ ಎದ್ದರೆ ಅತ್ತೆ ಮಲಗಿದಲ್ಲಿಂದಲೇ ಬೆರಳು ತೋರಿಸಿ ತೀರ್ಪು ಕೊಟ್ಟರು: "ಏ, ನೀ ನಿನ್ನೆ ಮೊದಲ ಹಿಡದಿ, ಇವತ್ತು ಆಕಿ ಹಿಡೀಲಿ." ಅವರ ಎದುರು ಓನರಮ್ಮನೇ ಬಿಂದಿಗೆ ಎಣಿಸುವುದನ್ನು ಬಿಟ್ಟರು. ದಿನಾ ಬೆಳಿಗ್ಗೆ ಬಿಸಿ ರಾಗಿ ಗಂಜಿ ತಂದು, ತಮ್ಮ ಕೈಯಾರೆ ಕುಡಿಸಿ ಹೋಗುತ್ತಿದ್ದರು. ಒಂದು ಕಂಬಳಿಯನ್ನೂ ಹೊದಿಸಿದರು. ಆ ಹೆಂಗಸನ್ನು ನೆಮ್ಮದಿಯಾಗಿ ದ್ವೇಷಿಸುವ ಅವಕಾಶವನ್ನೂ ಅವರು ನನಗೆ ಕೊಡಲಿಲ್ಲ.

ಆದರೆ ಚಳಿ ಚಳಿಯೇ. ಕಾರ್ಖಾನೆಗಳ ಹೊಗೆ ಬೆಳಗಿನ ಮಂಜಿನ ಜೊತೆ ಸೇರಿ ಟಾರ್ಪಾಲಿನ ಕೆಳಗೇ ಕೂರುತ್ತಿತ್ತು. ಕೆಮ್ಮು ಹೆಚ್ಚಾಯಿತು. ನಾವಿಬ್ಬರೂ ಸರದಿಯ ಮೇಲೆ ಪಕ್ಕದಲ್ಲಿ ಕೂತೆವು. ದಿನಾ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅತ್ತೆ ಕೇಳುವುದು ಒಂದೇ ಮಾತು: "ಇವತ್ತು ಯಾವ ವಾರ?" ಶುಕ್ರವಾರ ಅಂದೆ. ಶನಿವಾರ ಅಂದೆ. ಭಾನುವಾರ ಮಾತು ಕಡಿಮೆಯಾಯಿತು, ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಉಸಿರಾಡುತ್ತಿದ್ದರು. ಇವತ್ತೇ ಹೋಗಬಾರದೇ ಅಂದುಕೊಂಡವಳು ಈಗ ಇವತ್ತು ಬೇಡ, ಇವತ್ತು ಬೇಡ ಎಂದು ಕೂತಿದ್ದೆ. ಎರಡೂ ಸಲ ನಾನು ಬೇಡಿಕೊಂಡದ್ದು ಅವರಿಗಾಗಿ ಅಲ್ಲ, ಮನೆಗಾಗಿ.

ಸೋಮವಾರ ಬೆಳಿಗ್ಗೆ ಓನರಮ್ಮನೇ ಓಡಿ ಬಂದರು. "ಮುಗೀತು ಕಣವ್ವ, ಒಳಿಕ್ಕೆ ಕರ್ಕೋ!" ನಮ್ಮವರು ಅವ್ವನನ್ನು ಎತ್ತಿಕೊಂಡು ಒಳಗೆ ತಂದು ಹಾಸಿಗೆಯ ಮೇಲೆ ಮಲಗಿಸಿದರು. ಮೈ ಎಷ್ಟು ಹಗುರವಾಗಿತ್ತೆಂದರೆ ಹೊಸ್ತಿಲು ದಾಟುವಾಗ ಅವರು ತಡವರಿಸಲೂ ಇಲ್ಲ. ಅತ್ತೆ ಕಣ್ಣು ತೆರೆದು ಶೀಟಿನ ಸೂರನ್ನು ನೋಡಿದರು.

"ಆತೇನವ್ವಾ ಐದು ದಿನಾ?"

"ಆತ್ರಿ ಅತ್ತಿ."

"ಹಂಗಾರ ಇನ್ನ ಹೋಗ್ಲೇನು?"

ಹೋಗಬೇಡಿ ಎಂದು ಒಂದು ಮಾತು ಅನ್ನಬಹುದಿತ್ತು. ಚಮಚೆಯಲ್ಲಿ ನೀರು ಹಾಕಿದೆ, ಅರ್ಧ ಒಳಗೆ ಹೋಯಿತು. ಮಧ್ಯಾಹ್ನದ ಸೈರನ್ ಕೂಗುವುದರೊಳಗೆ ಅವರು ಇರಲಿಲ್ಲ.

ಎಲ್ಲರಿಗಿಂತ ಜೋರಾಗಿ ಅತ್ತವರು ಓನರಮ್ಮ. "ಪುಣ್ಯಾತ್ಗಿತ್ತಿ, ನನ್ ಮನೆ ಉಳಿಸ್ಬುಟ್ಟು ಓದ್ಲು," ಎಂದು ಎದೆ ಬಡಿದುಕೊಂಡರು. ಹೂವಿನ ಹಾರವನ್ನೂ ಅವರೇ ತಂದರು. ಸಂಜೆಗೆ ಮುಂಚೆ ನಮ್ಮ ಜನರ ರುದ್ರಭೂಮಿಯಲ್ಲಿ ಮಣ್ಣು ಕೊಟ್ಟೆವು. ಆ ಜಾಗಕ್ಕಾದರೂ ಹನ್ನೊಂದು ತಿಂಗಳ ಕರಾರಿಲ್ಲವಲ್ಲ ಅಂದುಕೊಂಡೆ.

ನಮ್ಮ ಕರಾರಿಗೆ ಇನ್ನೂ ಮೂರು ತಿಂಗಳಿತ್ತು. ಅದು ಮುಗಿಯುವ ಹೊತ್ತಿಗೆ ಓನರಮ್ಮನೂ ಬಾಗಿಲಿಗೆ ಬಂದು ಗಂಟಲು ಸರಿ ಮಾಡಿಕೊಂಡರು. ಶೀಟು ತೆಗೆಸಿ ಕಾಂಕ್ರೀಟ್ ಮೋಲ್ಡ್ ಹಾಕಿಸುತ್ತಾರಂತೆ, ಆಮೇಲೆ ಬಾಡಿಗೆ ಬೇರೆಯಂತೆ. ನಾನು ಜಗಳ ಆಡಲಿಲ್ಲ. ಆಡುವ ಶಕ್ತಿ ಉಳಿದಿರಲಿಲ್ಲ. ಮತ್ತೆ ಭಾನುವಾರ, ಮತ್ತೆ ಸೈಕಲ್ಲು. ಮೂರನೆಯ ಭಾನುವಾರ ಒಂದು ಗೇಟಿನಲ್ಲಿ ಪ್ಯಾಂಟು ತೊಟ್ಟ ಓನರೊಬ್ಬರು ಎಂದಿನ ಮೂರು ಪ್ರಶ್ನೆ ಕೇಳಿದರು.

"ಮೂರು ಮಂದಿ ಸಾರ್," ಅಂದರು ನಮ್ಮವರು.

ಓನರ್ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. "ನಿಜ ಹೇಳ್ರೀ. ಎಲ್ರೂ ಮೂರು ಅಂತಾರೆ, ಆಮೇಲೆ ಗಂಟು ಎತ್ಕೊಂಡು ಅಪ್ಪ ಅಮ್ಮ ಬಂದ್ಬಿಡ್ತಾರೆ. ನೀರಿಗೆ ಆಗಲ್ಲ ನಂಗೆ."

"ಇಲ್ರೀ ಸಾರ್," ಅಂದರು ನಮ್ಮವರು. ಸೈಕಲ್ಲಿನ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದರು. "ಇನ್ನ ಯಾರೂ ಬರೂದಿಲ್ಲ."

ಆ ಮನೆ ನಮಗೆ ಸಿಕ್ಕಿತು.