ಮೊದಲು ನಮ್ಮ ಬಾಗಿಲಿಗೆ ಬರುವ ಗಾಡಿ

ಮಗುವಿಗೆ ಖಾಸಗಿ ಶಾಲೆ ಹೇಗೆ ಆರಿಸಬೇಕು ಎಂದು ನನಗೆ ಮೆಸೇಜ್ ಹಾಕುವವರು ನಾನು ಆರಿಸಿದ ರೀತಿಯನ್ನು ಮೊದಲು ಕೇಳಿ. ನಾನು ಪಾಠ ಕೇಳಲಿಲ್ಲ, ತರಗತಿ ನೋಡಲಿಲ್ಲ. ಶಾಲೆಯ ಗಾಡಿ ನೋಡಿದೆ.

ನಮ್ಮದು ಘೋಡಗೇರಿ. ಬೇಸಿಗೆ ರಜೆ ಬಂತೆಂದರೆ ಸುತ್ತಲಿನ ಶಾಲೆಗಳವರು ಮಕ್ಕಳನ್ನು ಹುಡುಕಿಕೊಂಡು ಓಣಿ ಓಣಿ ತಿರುಗುತ್ತಾರೆ. ಆ ವರ್ಷ ಹುಕ್ಕೇರಿಯವರು ಬಂದರು, ಗೋಕಾಕದವರೂ ಬಂದರು. ಮೂಡಲಗಿಯಿಂದ ನಾದಿನಿಯ ಫೋನು.

"ವೈನಿ, ನಮ್ಮ ಓಣ್ಯಾಗ ಛಲೋ ಸಾಲಿ ಐತ್ರಿ. ಹುಡುಗಿನ್ನ ನನ್ನ ಹತ್ರ ಬಿಡ್ರಿ."

"ಬಿಡ್ತೇನಿ. ನೀ ಆಕಿನ್ನ ಧಾರಾವಾಹಿ ಮುಂದ ಕುಂಡ್ರಸ್ತಿ," ಎಂದೆ.

ಹುಕ್ಕೇರಿಯ ಗಾಡಿ ಬಸ್ ನಿಲ್ದಾಣದವರೆಗೆ ಮಾತ್ರ ಬರುತ್ತಿತ್ತು. ಗೋಕಾಕದವನು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, "ನಮ್ಮ ಗಾಡಿ ಮೊದಲ ನಿಮ್ಮ ಬಾಗಲಕ್ಕ ಬರತೈತ್ರಿ ಅಕ್ಕಾರ. ಕಿಡಕಿ ಸೀಟ ನಿಮ್ಮ ಹುಡುಗಿದ," ಎಂದ. ನಮ್ಮ ಅತ್ತೆ ಅಲ್ಲೇ ತೀರ್ಮಾನ ಕೊಟ್ಟರು. "ಇದಕ್ಕ ಹಾಕ್ರಿ. ಮುಂಜಾನೆದ್ದು ಮನಿ ಮುಂದ ಗಾಡಿ ನಿಂತ್ರ ಓಣಿಗೇ ಒಂದ ಕಳಾ."

ನಮ್ಮ ಕಡೆ ಎಲ್ಲರೂ ಹೀಗೇ ಆರಿಸುವುದು. ಬೆಳಿಗ್ಗೆ ಮೊದಲು ಹತ್ತಿದ ಮಗು ಸಂಜೆ ಎಲ್ಲರಿಗಿಂತ ಕೊನೆಗೆ ಇಳಿಯುತ್ತದೆ ಎಂದು ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ.

ದೀಪಾವಳಿ ಬರುವ ಹೊತ್ತಿಗೆ ಮಗಳು ಮನೆಗೆ ಬರುವಾಗ ಕತ್ತಲಾಗಿರುತ್ತಿತ್ತು. ಮನೆ ಸೂರು ಹಾರಿಹೋಗುವಂತೆ ಮಾತಾಡುತ್ತಿದ್ದ ಹುಡುಗಿ ಸುಮ್ಮನಾದಳು. ಒಮ್ಮೆ ಉಣ್ಣುತ್ತಾ ಉಣ್ಣುತ್ತಾ ಗೋಡೆಯ ಕಡೆ ನೋಡಿ, "ನಿಮ್ಮೂರ ಬಂತ, ಇಳಿ," ಎಂದಳು. ಅತ್ತೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಶಾಲೆಯಲ್ಲಿ ಪಾಠ ಹೇಳುವ ಬಾಯಾರು, "ಭಾಳ ಶಾಣ್ಯಾ ಅದಾಳ್ರಿ, ಗದ್ದಲಾನ ಇಲ್ಲ," ಎಂದು ಹೊಗಳಿದರು. ನನ್ನ ಮಗಳು ನನ್ನ ಕೈಯಿಂದ ಜಾರುತ್ತಿದ್ದಳು, ಊರೆಲ್ಲ ಶಾಣ್ಯಾ ಅನ್ನುತ್ತಿತ್ತು.

ಒಂದು ದಿನ ಗೋಕಾಕದಲ್ಲಿ ಕೆಲಸ ಮುಗಿಸಿ ಅದೇ ಗಾಡಿ ಹತ್ತಿದೆ. ಡ್ರೈವರ್ ಪಕ್ಕದಲ್ಲಿ ಕೂತೆ. ಊರೂರಿಗೂ ಮಕ್ಕಳು ಕೂಗಾಡುತ್ತಾ ಇಳಿದರು. ಕೊನೆಗೆ ಹಿಂದೆ ಉಳಿದವಳು ನನ್ನ ಮಗಳೊಬ್ಬಳೇ.

ಅವಳು ಎದ್ದಳು. ಖಾಲಿ ಸೀಟುಗಳಲ್ಲಿ ಒಂದೊಂದಾಗಿ ಕೂತಳು. ಒಂದರಲ್ಲಿ ಕೂತು ದಪ್ಪ ದನಿಯಲ್ಲಿ, "ಟಾಟಾ, ನಾಳಿ ಸಿಗೂನು," ಎಂದಳು. ಇನ್ನೊಂದರಲ್ಲಿ ಮೂಗಿನಿಂದ ಮಾತಾಡಿದಳು. ಆಗಷ್ಟೇ ಇಳಿದುಹೋದ ಮಕ್ಕಳ ದನಿಗಳೇ. ಗಾಡಿ ಕಬ್ಬಿನ ಹೊಲಗಳ ನಡುವೆ ನಿಧಾನವಾಯಿತು, ನಿಂತಿತು. ಮಗಳು ಬಾಗಿಲು ತೆರೆದಳು. ಯಾರೂ ಇಳಿಯಲಿಲ್ಲ. ಬಾಗಿಲು ಹಾಕಿದಳು. ಗಾಡಿ ಹೊರಟಿತು.

"ಯಾಕ್ರಿ ನಿಲ್ಲಿಸಿದ್ರಿ?" ಎಂದೆ.

ಡ್ರೈವರ್ ಕನ್ನಡಿ ನೋಡುತ್ತಲೇ ಹೇಳಿದ. "ದಿನಾ ಹಿಂಗರಿ ಅಕ್ಕಾರ. ನಿಲ್ಲಿಸಲಿಲ್ಲಂದ್ರ ಅಳತಾಳ್ರಿ. ಮೊದಲ ನನಗೂ ಎದಿ ಝಲ್ ಅಂತಿತ್ತ. ಈಗ ರೂಢಿ ಆಗೇತಿ."

ನಾನು ತಿರುಗಿ, "ಸಾಕವಾ, ಬಾ, ನನ್ನ ಹತ್ರ ಕುಂದರ," ಎಂದೆ.

"ತಡಿ, ಇನ್ನೊಬ್ಬಾಕಿ ಅದಾಳ."

"ಯಾರ?"

"ಕಡೀಕ ಇಳಿಯಾಕಿ."

"ಕಡೀಕ ಇಳಿಯಾಕಿ ನೀನ ಅಲ್ಲೇನ?"

"ಅಲ್ಲ. ನಾ ಇಳದ ಮ್ಯಾಲೆ ಆಕಿ ಒಬ್ಬಾಕಿನ ಹೋಗ್ತಾಳ."

ಎಲ್ಲಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮನೆಗೆ ಬಂದವಳೇ ಈ ಶಾಲೆ ಬಿಡಿಸುತ್ತೇನೆ ಎಂದೆ. ನಮ್ಮೂರ ಶಾಲೆಗೆ ನಡೆದೇ ಹೋಗಬಹುದು. ಅತ್ತೆ ಮುಖ ಊದಿಸಿದರು. "ಗಾಡಿ ಬರೂದು ನಿಂತ್ರ ಮಂದಿ ಏನಂತಾರ?"

"ಮಂದಿನ್ನ ಆ ಗಾಡ್ಯಾಗ ಕಳಸ್ರಿ," ಎಂದೆ.

ಮಗಳು, "ಹಂಗಾದ್ರ ಆಕಿ?" ಎಂದಳು.

ಮಕ್ಕಳಿಗೆ ಹಾಗೆಲ್ಲ ಯಾರೂ ಇಲ್ಲ ಎಂದು ತಿಳಿಸಿ ಹೇಳಬೇಕು, ಗೊತ್ತು. ನೀವು ಕಾಮೆಂಟಿನಲ್ಲಿ ಅದನ್ನೇ ಬರೆಯುತ್ತೀರಿ, ಅದೂ ಗೊತ್ತು. ಅವಳು ಕೊನೆಯ ಸಲ ಗಾಡಿಯಿಂದ ಇಳಿದ ಸಂಜೆ ನಾನು ಬಾಗಿಲು ಹಾಕಲು ಬಿಡಲಿಲ್ಲ. ಒಳಗೆ ಸೀಟುಗಳೆಲ್ಲ ಖಾಲಿ ಇದ್ದವು. ಕತ್ತಲೆಗೆ ಮುಖ ಮಾಡಿ, ಯಾರಿಗೆಂದು ತಿಳಿಯದೆ, "ಬಾರವಾ, ನೀನೂ ಇಳಿ," ಎಂದೆ.

ಡ್ರೈವರ್ ನಗಲಿಲ್ಲ, ಕಾದ. ನನ್ನ ಮಗಳು ಮನೆಯ ಮೆಟ್ಟಿಲ ಮೇಲೆ ಒಂದಿಷ್ಟು ಆಚೆ ಸರಿದು ದಾರಿ ಬಿಟ್ಟಳು.